ಸರ್ ತೂಗಿದ ಕಬ್ಬು

ಜಮಖಂಡಿಯ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಓದುವಾಗ ಭೌತಶಾಸ್ತ್ರದ ಪ್ರಾಕ್ಟಿಕಲ್ ಎಂದರೆ ಎಲ್ಲರೂ ಕೂಡಿ ಆಡುವ ನಾಟಕವಾಗಿತ್ತು. ದಾರಕ್ಕೆ ಕಟ್ಟಿದ ಗುಂಡನ್ನು ಎರಡು ಸಲ ತೂಗಾಡಿಸುವುದು, ಉತ್ತರ ಎಷ್ಟು ಬರಬೇಕೆಂದು ಹಿಂದಿನ ವರ್ಷದವರ ಜರ್ನಲ್ ನೋಡುವುದು, ಆಮೇಲೆ ಅಷ್ಟೇ ಬರುವ ಹಾಗೆ ಕೆಳಗಿನಿಂದ ಮೇಲಕ್ಕೆ ಲೆಕ್ಕ ಬರೆಯುವುದು. ಇದು ಮೋಸ ಎಂದು ನಮಗೆ ಅನ್ನಿಸಿಯೇ ಇರಲಿಲ್ಲ.

ಆ ವರ್ಷ ಬಂದ ಸರ್ ಇದನ್ನು ಸಹಿಸಲಿಲ್ಲ. ದೊಡ್ಡ ಊರಿನಲ್ಲಿ ಸಂಶೋಧನೆ ಮಾಡಿ, ಡಾಕ್ಟರೇಟ್ ಪಡೆದು, ಹುಟ್ಟಿದ ಸೀಮೆಯೇ ಬೇಕೆಂದು ವಾಪಸು ಬಂದ ಭೌತವಿಜ್ಞಾನಿ ಅವರು. ಮೊದಲ ದಿನವೇ ನಾನು ಸಿಕ್ಕಿಬಿದ್ದೆ. “ಎಷ್ಟು ಬರಬೇಕ್ರಿ ಸರ್?” ಎಂದು ಕೇಳಿದೆ. ಅವರು ನನ್ನ ಜರ್ನಲ್ ಕಿತ್ತುಕೊಂಡು ಕಿಟಕಿಯಾಚೆ ಎಸೆದರು.

“ಅದನ್ನ ಕೇಳೋದಾದ್ರ ಇಲ್ಲಿಗ್ಯಾಕ ಬಂದಿ ಲೇ? ಎಷ್ಟ್ ಬಂತೋ ಅಷ್ಟ್ ಬರಿ!”

ಅಂಗಳಕ್ಕೆ ಹೋಗಿ, ಧೂಳು ಒರೆಸಿಕೊಂಡು ತಂದು, ಮತ್ತೆ ಎಣಿಸಿದೆ. ಗುರುತ್ವಾಕರ್ಷಣೆಯ ಬೆಲೆ ಒಂಬೈನೂರ ಎಂಬತ್ತರ ಸಮೀಪ ಬರಬೇಕಾದದ್ದು ನನಗೆ ಒಂಬೈನೂರ ನಲವತ್ತೆರಡು ಬಂತು. ಅಂಜುತ್ತಲೇ ಅದನ್ನು ಬರೆದೆ. ಸರ್ ಆ ಹಾಳೆಯನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿದರು.

“ಇಂವ ಬರದದ್ದು ತಪ್ಪೈತಿ. ಆದ್ರ ಖರೆ ಐತಿ,” ಎಂದು ಪೂರ್ತಿ ಅಂಕ ಕೊಟ್ಟರು.

ನನ್ನನ್ನು ಯಾರೋ ಹೊಗಳಿದ್ದು ಎಂದರೆ ಈಗಲೂ ನೆನಪಾಗುವುದು ಅದೊಂದೇ. ಅದಕ್ಕೇ ಸರ್ ಮೇಲಿನ ಸಿಟ್ಟು ಇನ್ನೂ ಆರಿಲ್ಲ.

ಮುಂದೆ ನಾನೂ ಅದೇ ಕಾಲೇಜಿಗೆ ಪಾಠ ಹೇಳಲು ಸೇರಿದೆ. ನಮ್ಮ ಹೊಲ ಹಿಪ್ಪರಗಿಯ ಕಡೆಗೆ, ನದಿಗೆ ಹತ್ತಿಕೊಂಡೇ ಇದೆ. ಕಬ್ಬು ಬಿಟ್ಟರೆ ಮನೆಯಲ್ಲಿ ಬೇರೆ ಮಾತಿಲ್ಲ. ಒಂದು ದಿನ ಅಪ್ಪ ನೇರ ಸ್ಟಾಫ್ ರೂಮಿಗೇ ಬಂದು ಸರ್ ಎದುರಿಗೆ ಕೂತ.

“ಮಾಸ್ತರ್ರೀ, ಕಾರ್ಖಾನಿ ಕಾಟಾದಾಗ ನಮ್ಮ ಕಬ್ಬು ಕಡಿಮಿ ತೂಗಾಕತ್ತೈತ್ರಿ. ಹೊರಗ ತೂಗಿಸಿ ತಂದ್ರ ಗಾಡಿನ ಒಳಗ ಬಿಡಂಗಿಲ್ಲ. ನೀವು ಕಲತಾವ್ರು, ಖರೆ ಏನೈತಿ ನೀವಾ ನೋಡ್ರಿ.”

ಕಾಟಾ ಎಂದರೆ ತುಂಬಿದ ಟ್ರ್ಯಾಕ್ಟರನ್ನೇ ಮೇಲೆ ನಿಲ್ಲಿಸಿ ತೂಗುವ ಯಂತ್ರ. ಸರ್ ಮುಖ ಅರಳಿತು. ಎರಡೇ ದಿನಕ್ಕೆ ಅಪ್ಪನ ಗಾಡಿಯನ್ನು ಮುಧೋಳ ರಸ್ತೆಯ ಬೇರೊಂದು ಕಾಟಾದ ಮೇಲೆ ಗುಟ್ಟಾಗಿ ನಿಲ್ಲಿಸಿದೆವು. ಡ್ರೈವರ್ ಎರಡೂ ಕಡೆ ಸೀಟಿನಲ್ಲೇ ಕೂತಿರಬೇಕು, ಬೀಡಿ ಸೇದಲೂ ಇಳಿಯಬಾರದು ಎಂದು ಸರ್ ಆಣೆ ಹಾಕಿಸಿಕೊಂಡರು. ಅಲ್ಲಿಂದ ಕಾರ್ಖಾನೆಯವರೆಗೆ ಅವರ ಸ್ಕೂಟರ್ ಗಾಡಿಯ ಹಿಂದೆಯೇ. ದಾರಿಯಲ್ಲಿ ಉದುರಿದ ಒಂದೊಂದು ಜಲ್ಲೆಯನ್ನೂ ನಾನು ಇಳಿದು ಎತ್ತಿಕೊಂಡೆ. ಗೇಟಿನ ಹತ್ತಿರ ಎಲ್ಲವನ್ನೂ ಮತ್ತೆ ಗಾಡಿಗೆ ಸಿಕ್ಕಿಸಿದೆವು. ಒಳಗೆ ತೂಗಿದರೆ ಮೂರು ಕ್ವಿಂಟಲ್ ಕಡಿಮೆ. ಬೇರೆಯವರ ಗಾಡಿಗಳಲ್ಲಿ ಮತ್ತೆರಡು ಸಲ ನೋಡಿದೆವು. ಆಗಲೂ ಕಡಿಮೆಯೇ.

ಸರ್ ಅದನ್ನು ರೈತರ ಸಭೆಯಲ್ಲಿ ಹೇಳಿದ ದಿನ ಜನ ಅವರನ್ನು ಹೆಗಲ ಮೇಲೆ ಹೊತ್ತುಕೊಂಡರು. ಮರುವರ್ಷ ಪಕ್ಷದ ಟಿಕೆಟ್ ಬಂತು. ನಮ್ಮ ಕ್ಷೇತ್ರವಲ್ಲದಿದ್ದರೂ ಬೀಳಗಿಯವರು, ಬನಹಟ್ಟಿಯವರು ಭಾಷಣಕ್ಕೆ ಕರೆಸಿಕೊಂಡರು. ಬನಹಟ್ಟಿಯ ಓಣಿಯೊಂದರಲ್ಲಿ ಅವರ ಮಾತು ಕೇಳಲು ನೇಕಾರರು ಮಗ್ಗಗಳನ್ನೇ ನಿಲ್ಲಿಸಿದ್ದರು. ನಾನು ಮೈಕು ಹೊತ್ತೆ, ಬ್ಯಾನರ್ ಕಟ್ಟಿದೆ, ಘೋಷಣೆ ಕೂಗಿ ಗಂಟಲು ಹರಿದುಕೊಂಡೆ. ಸರ್ ಆರಿಸಿ ಬಂದರು.

ಅದೇ ಹಂಗಾಮಿನಲ್ಲಿ ಕಾರ್ಖಾನೆಯವರು ನಮ್ಮ ಹೊಲಕ್ಕೆ ಕಟಾವಿನ ಗ್ಯಾಂಗ್ ಕಳಿಸಲಿಲ್ಲ. ಕಬ್ಬು ಹೂ ಬಿಟ್ಟು, ಬೆಂಡಾಗಿ ನಿಂತಿತು. ಅಪ್ಪ ಬದುವಿನ ಮೇಲೆ ಕೂತು, “ಒಣಗಲಿ ಬಿಡು, ಮಾಸ್ತರು ಆರಿಸಿ ಬಂದಾರಲ್ಲ,” ಎಂದ.

ಎರಡು ವರ್ಷ ಕಳೆಯಿತು. ಸರ್ ಸ್ಕೂಟರ್ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅವರ ಹುಟ್ಟುಹಬ್ಬದ ವೇದಿಕೆಯಲ್ಲಿ ಅದೇ ಕಾರ್ಖಾನೆಯ ಧಣಿ ಪಕ್ಕದಲ್ಲಿ ಕೂತಿದ್ದ. ಮಂತ್ರಿಯಾಗಬೇಕಾದರೆ ಆ ಧಣಿಯ ಒಂದು ಮಾತು ಬೇಕಿತ್ತು. ಇದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲೂ ಗೊತ್ತಿದ್ದ ಸಂಗತಿ. ಆಗಲೇ ಕಾಟಾ ತಪಾಸಣೆಗೆ ಸಮಿತಿ ಆಯಿತು. ಸರ್ ಅಧ್ಯಕ್ಷರು, ನಾನು ತಜ್ಞ ಸದಸ್ಯ.

ಕಾರ್ಖಾನೆಗೆ ಮೊದಲೇ ತಿಳಿಸಿದ್ದ ಎರಡು ಗಾಡಿಗಳ ತೂಕ ಒಳಗೂ ಹೊರಗೂ ಸರಿಯಾಗಿ ಕೂತಿತು. ಅದೇನೂ ಆಶ್ಚರ್ಯವಲ್ಲ. ಯಾರಿಗೂ ಹೇಳದೆ ನಾನು ಸಾಲಿನಲ್ಲಿ ತಂದು ನಿಲ್ಲಿಸಿದ್ದ ಮೂರನೆಯದು ಮತ್ತೆ ಮೂರು ಕ್ವಿಂಟಲ್ ಕಡಿಮೆ ತೋರಿಸಿತು. ಸಂಜೆ ಸರ್ ನನ್ನನ್ನು ಐಬಿಗೆ ಕರೆಸಿಕೊಂಡರು. ಚಹಾ ತರಿಸಿದರು.

“ಎಲ್ಲಾದಕ್ಕೂ ಬ್ಯಾರೇನಾ ಬಂದ ರೀಡಿಂಗ್ ಬಿಟ್ಟಬಿಡಬೇಕು ತಮ್ಮಾ. ನಾನಾ ಕಲಿಸೇನಲ್ಲ ನಿನಗ? ಡ್ರೈವರ್ ಇಳದಿರಬೇಕು.”

“ಮೂರು ಕ್ವಿಂಟಲ್ ತೂಗೋ ಡ್ರೈವರ್ ಎಲ್ಲಿ ಸಿಗ್ತಾನ್ರೀ ಸರ್?” ಎಂದೆ.

ಅವರು ಮನಸ್ಸು ಬಿಚ್ಚಿ ನಕ್ಕರು. ನಕ್ಕು, ಪೆನ್ನನ್ನು ನನ್ನ ಕಡೆ ಸರಿಸಿದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ಮಾತನ್ನು ಅವರು ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ನಾನು ಮೂರನೆಯ ಗಾಡಿಯನ್ನು ಬಿಟ್ಟು ವರದಿ ಬರೆದೆ, ಕೆಳಗೆ ಸಹಿ ಹಾಕಿದೆ. ಆರು ತಿಂಗಳಿಗೆ ಕಾಯಂ ಆಯಿತು. ಸರ್ ಮಂತ್ರಿಯಾದರು.

ವರದಿ ಪೇಪರಿನಲ್ಲಿ ಬಂದ ದಿನ ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದ.

“ಅಂವ ರಾಜಕಾರಣಿ ಆದ, ಹೋಗ್ಲಿ. ನೀ ಯಾಕ ಬರದಿ?”

ಆವತ್ತಿನಿಂದ ಅಪ್ಪ ನನ್ನ ಮುಂದೆ ಕಬ್ಬಿನ ಮಾತು ಆಡುವುದನ್ನೇ ಬಿಟ್ಟಿದ್ದಾನೆ. ಗಾಡಿ ಯಾವಾಗ ಹೋಯಿತು, ತೂಕ ಎಷ್ಟು ಬಂತು ಎಂದು ನನಗೆ ಈಗ ಪಕ್ಕದ ಹೊಲದವರಿಂದ ತಿಳಿಯುತ್ತದೆ. ಅಧಿಕಾರ ಸಿಕ್ಕರೆ ಒಳ್ಳೆಯವರೂ ಕೆಡುತ್ತಾರೆ ಎಂದು ಜನ ನನಗೆ ಸಮಾಧಾನ ಹೇಳುತ್ತಾರೆ. ನನಗೆ ಆ ಸಮಾಧಾನ ಬೇಡ. ಅವರು ಕೆಟ್ಟದ್ದಕ್ಕೆ ಮಂತ್ರಿ ಪದವಿಯಾದರೂ ಸಿಕ್ಕಿತು. ನಾನು ಕೆಟ್ಟದ್ದು ತಿಂಗಳ ಪಗಾರಕ್ಕೆ.

ಈ ಹಂಗಾಮಿಗೆ ಮತ್ತೆ ರೈತರು ಗೇಟಿನ ಮುಂದೆ ಕೂತರು, ಮತ್ತೆ ಸಮಿತಿ ಆಯಿತು. ಕಳೆದ ವಾರ ನಾನು ಪ್ರಾಕ್ಟಿಕಲ್ ಕ್ಲಾಸಿನಲ್ಲಿದ್ದಾಗ ಸರ್ ಫೋನ್ ಬಂತು.

“ಈ ಸಲಾನೂ ನೀನಾ ನೋಡ್ಕೊ ತಮ್ಮಾ. ನಿನ್ನ ಮ್ಯಾಲೆ ನನಗ ಭರವಸೆ ಐತಿ.”

ಆ ಭರವಸೆ ಎಂಬ ಮಾತು ಕೇಳಿ ಮೈಯೆಲ್ಲ ಉರಿಯಿತು. ಚುಚ್ಚಬೇಕೆಂದೇ ಕೇಳಿದೆ:

“ಎಷ್ಟು ಬರಬೇಕ್ರಿ ಸರ್?”

ಬೈಯಲಿ, ಲೇ ಎನ್ನಲಿ, ಫೋನನ್ನು ಕಿಟಕಿಯಾಚೆ ಎಸೆಯಲಿ ಎಂದು ದೇವರಾಣೆ ಕಾದೆ. ಆ ಕಡೆ ಕಾಗದ ತಿರುವಿದ ಸದ್ದಾಯಿತು.

“ಫರಕು ಐವತ್ತು ಕಿಲೋದೊಳಗ ಇರ್ಲಿ,” ಎಂದರು.

ನಾನು ಜೇಬಿನಿಂದ ಪೆನ್ನು ತೆಗೆದು ಅದನ್ನು ಬರೆದುಕೊಂಡೆ.