ನಾನು ಬರೆಯದ ಉತ್ತರ

ಹ್ಯಾಕರ್ ಎಂಬ ಪದ ಕೋಡಿಹಳ್ಳಿಯ ನಮ್ಮ ಮನೆಯೊಳಗೆ ಮೊದಲ ಸಲ ಕೇಳಿಸಿದ್ದು ನನ್ನ ಬಾಯಿಂದಲ್ಲ. ಉಪ್ಪಿಟ್ಟು ತಿನ್ನುತ್ತ ಕೂತಿದ್ದ ಗಂಡಿನ ಸೋದರಮಾವನ ಬಾಯಿಂದ.

ಆಗ ನಾನು ಕನಕಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಬಿಡದಿ ಕಡೆ, ಹಾರೋಹಳ್ಳಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ರಾಗಿ ಹೊಲದಲ್ಲಿ ಕಾಂಪೌಂಡು ಕಂಡ ಕೂಡಲೇ, ಒಳಗೆ ಕುರ್ಚಿ ಮೇಲೆ ಕೂತು ಮಾಡುವ ಕೆಲಸ ಒಂದಾದರೂ ಇರುತ್ತದೆಂದು ನಂಬಿ ಹುಡುಗ ಹುಡುಗಿಯರು ನಮ್ಮಲ್ಲಿಗೆ ಬರುತ್ತಿದ್ದರು. ಅವರ ಅಂಕಗಳನ್ನು ಇಂಟರ್ನೆಟ್ಟಿನಲ್ಲಿ ನೋಡುವ ವ್ಯವಸ್ಥೆಯಿತ್ತು. ಒಂದು ಮಧ್ಯಾಹ್ನ ಆ ವೆಬ್ ವಿಳಾಸದ ಕೊನೆಯಲ್ಲಿ ಒಂದು ಅಂಕಿಯನ್ನು ತಪ್ಪಾಗಿ ಒತ್ತಿಬಿಟ್ಟೆ. ಎಲ್ಲಿಯದೋ ಹುಡುಗಿಯ ಅಂಕ, ಮನೆ ವಿಳಾಸ, ಫೋನ್ ನಂಬರು ಎಲ್ಲ ಕಣ್ಣ ಮುಂದೆ ಬಂತು. ಇನ್ನೊಂದು ಅಂಕಿ ಬದಲಿಸಿದೆ, ಇನ್ನೊಬ್ಬಳು. ಹೆಣ್ಣುಮಕ್ಕಳ ಫೋನ್ ನಂಬರನ್ನು ಹೀಗೆ ಬೀದಿಗಿಡುವುದೇ! ಕೋಪ ತಡೆಯಲಾರದೆ ಆ ವ್ಯವಸ್ಥೆ ಮಾಡಿಕೊಟ್ಟವರಿಗೆ ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಒಂದು ಮೇಲ್ ಜಾಡಿಸಿದೆ.

ಬೈಗುಳ ಬರುತ್ತದೆಂದುಕೊಂಡಿದ್ದೆ. ಬಂದದ್ದು ಆಹ್ವಾನ. ತಪ್ಪು ಸರಿಮಾಡಿದ್ದೇವೆ, ಬೆಂಗಳೂರಿನಲ್ಲಿ ಹ್ಯಾಕರ್‌ಗಳ ಸಮಾವೇಶ ನಡೆಯುತ್ತದೆ, ನೀವು ಬಂದು ಇದನ್ನು ಹತ್ತು ನಿಮಿಷ ಹೇಳಬೇಕು ಎಂದು ಅವರಲ್ಲೊಬ್ಬರು ಬರೆದಿದ್ದರು. ಹ್ಯಾಕರ್ ಅಂದರೆ ಬೀಗ ಒಡೆಯುವವರಷ್ಟೇ ಅಲ್ಲ, ನಿಮ್ಮ ಬೀಗ ಗಟ್ಟಿಯಿಲ್ಲ ಎಂದು ಮೊದಲೇ ಎಚ್ಚರಿಸುವವರೂ ಹೌದು ಎಂದು ಒಂದು ಸಾಲು ಸೇರಿಸಿದ್ದರು.

ಹೋಗಲೋ, ಬೇಡವೋ? ಬೆಳಿಗ್ಗೆ ಕನಕಪುರದ ಬಸ್ಸಿನಲ್ಲಿ ಹೋಗುತ್ತೇನೆ ಅನ್ನಿಸುತ್ತಿತ್ತು. ಸಂಜೆ ಅದೇ ಬಸ್ಸಿನಲ್ಲಿ ಊರಿಗೆ ಬರುವಾಗ, ಅಯ್ಯೋ ನನಗ್ಯಾಕೆ ಬೇಕು ಅನ್ನಿಸುತ್ತಿತ್ತು. ಇಂಗ್ಲಿಷ್ ಮಾತಾಡುವ ಗಂಡಸರ ಸಭೆ, ನಾನೋ ಸಗಣಿ ಬಾಚಿ ಬಸ್ಸು ಹತ್ತುವವಳು. ಕೊನೆಗೆ 'ನಮ್ಮ ಮನೆಯಲ್ಲಿ ಒಪ್ಪುವುದಿಲ್ಲ' ಎಂದು ಬರೆಯುವುದೇ ಸರಿ ಎಂದು ಮನಸ್ಸಿನಲ್ಲೇ ಸಾಲು ಜೋಡಿಸಿಕೊಂಡೆ. ಬರೆದಿರಲಿಲ್ಲ ಅಷ್ಟೇ. ನಿಜ ಹೇಳಬೇಕೆಂದರೆ ಮನೆಯಲ್ಲಿ ಯಾರನ್ನೂ ಕೇಳಿಯೇ ಇರಲಿಲ್ಲ.

ಆ ನಡುವೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗ ಬಿಡದಿ ಕಡೆಯ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಕೂತ ಕೂಡಲೇ ಅವನ ತಾಯಿ, "ನಿಮ್ ಮನೆದೇವ್ರು ಯಾವ್ದವ್ವಾ?" ಎಂದು ಕೇಳಿದರು. ನಮ್ಮ ಕಡೆ ಸಂಬಂಧದ ಮಾತು ಶುರುವಾಗುವುದೇ ಅಲ್ಲಿಂದ. ಅಣ್ಣತಮ್ಮಂದಿರ ಕುಲವೋ, ಹೆಣ್ಣು ಕೊಟ್ಟು ತರುವ ಕುಲವೋ ಎಂದು ಅದರಿಂದಲೇ ತಿಳಿಯಬೇಕು. ಅವ್ವ ಕೈಮುಗಿದು ದೇವರ ಹೆಸರು ಹೇಳಿದಳು. ಕುಲ ಕೂಡಿಬಂತು. ಹಿತ್ತಿಲಲ್ಲಿ ಹುಡುಗ ನನ್ನೊಂದಿಗೆ ನಾಲ್ಕು ಮಾತಾಡಿ ಮೇಲ್ ವಿಳಾಸ ಕೇಳಿದ, ಕೊಟ್ಟೆ. ಸುಳ್ಳು ಯಾಕೆ ಹೇಳಲಿ, ನನಗೂ ಇಷ್ಟವಾಗಿದ್ದ.

ಮುಂದಿನ ಭಾನುವಾರ ಹುಡುಗ ಮತ್ತು ಅವನ ಸೋದರಮಾವ ಮತ್ತೆ ಬಂದರು. ತಾಂಬೂಲ ಬದಲಾಯಿಸುವ ದಿನ ಗೊತ್ತುಮಾಡಲು ಬಂದಿದ್ದಾರೆಂದು ಅವ್ವ ಉಪ್ಪಿಟ್ಟು ಕೊಟ್ಟು, ಕೇಸರಿಬಾತಿಗೆ ತುಪ್ಪ ಸುರಿಯುತ್ತಿದ್ದಳು.

"ಎಲ್ಲಾ ಸರಿ ಐತೆ ಗೌಡ್ರೇ," ಎಂದ ಸೋದರಮಾವ. "ಆದ್ರೆ ನಿಮ್ ಮಗ್ಳು ಬೆಂಗ್ಳೂರ್ಗೆ ಅದೇನೋ ಹ್ಯಾಕರ್‌ಗಳ ಸಭೆಗೆ ಹೊಂಟವ್ಳಂತೆ. ಹಂಗಂದ್ರೆ ಕಂಪ್ಯೂಟರ್ ಕಳ್ರಂತೆ. ನಮ್ ಮನೆತನುಕ್ಕೆ ಅದು ಒಪ್ಪಲ್ಲ."

ಅಪ್ಪನ ಕೈಯಲ್ಲಿದ್ದ ಉಪ್ಪಿಟ್ಟು ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಬರಲಿಲ್ಲ. "ಏನವ್ವಾ ಇದು?" ಎಂದು ನನ್ನ ಕಡೆ ತಿರುಗಿದ.

ಹೆತ್ತ ತಾಯಿಗೂ ಹೇಳದ ಮಾತು! "ನಿಮಗ್ಯಾರು ಹೇಳಿದ್ರು?" ಎಂದು ಹುಡುಗನನ್ನೇ ಕೇಳಿದೆ.

"ಯಾರೂ ಹೇಳ್ಲಿಲ್ಲ," ಎಂದು ನಕ್ಕ. "ನಿಮ್ ಮೇಲ್‌ನಲ್ಲೇ ನೋಡ್ದೆ. ಪಾಸ್‌ವರ್ಡ್ ಏನ್ ಕಷ್ಟ? ಅವತ್ತು ನಿಮ್ ತಾಯಿಯವ್ರೇ ಹೇಳಿದ್ರಲ್ಲ, ಮನೆದೇವ್ರ ಹೆಸ್ರು. ನಮ್ ಕಡೆ ಎಲ್ರೂ ಅದ್ನೇ ತಾನೆ ಇಡೋದು? ಹಾಕ್ದೆ, ಓಪನ್ ಆಯ್ತು."

"ನಮ್ ಹುಡ್ಗ ಬಲೇ ಚಾಲಾಕು," ಎಂದು ಸೋದರಮಾವ ತೊಡೆ ತಟ್ಟಿದ.

ಹೌದು, ಅದನ್ನೇ ಇಟ್ಟಿದ್ದೆ. ಮೇಲ್ ಮಾಡಿಕೊಂಡ ಹೊಸದರಲ್ಲಿ, ಪಾಸ್‌ವರ್ಡ್ ಅಂದರೆ ಬೀಗದ ಥರ ಎಂದು ಅವ್ವನಿಗೆ ವಿವರಿಸಿದ್ದೆ. "ಹಂಗಾರೆ ಮನೆದೇವ್ರ ಹೆಸ್ರೇ ಇಡವ್ವ, ಸ್ವಾಮಿ ಕಾವಲಿದ್ರೆ ಯಾವನು ಕೈ ಹಾಕಾನು?" ಎಂದಿದ್ದಳು. ಯಾರೂ ಊಹಿಸದಂಥ ಪಾಸ್‌ವರ್ಡ್ ಇಡಿ ಎಂದು ದಿನಾ ಹುಡುಗರಿಗೆ ಬಡಿದುಕೊಳ್ಳುತ್ತಿದ್ದವಳು ಅವ್ವನ ಮಾತಿಗೆ ಹೂಂ ಅಂದಿದ್ದೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ.

"ಗಾಬ್ರಿ ಆಗ್ಬೇಡಿ," ಎಂದ ಹುಡುಗ, ತೀರ ಮೆತ್ತಗಿನ ದನಿಯಲ್ಲಿ. "ನಿಮ್ ಹೆಸ್ರಲ್ಲಿ ನಾನೇ ಉತ್ತರ ಬರ್ದುಬಿಟ್ಟಿದ್ದೀನಿ. ಬರಕ್ಕಾಗಲ್ಲ ಅಂತ. ಅಲ್ಲಿಗೆ ಮುಗೀತು. ಇನ್ಮೇಲೆ ಇಂಥದ್ದೆಲ್ಲ ಇಲ್ಲ ಅಂತ ಒಂದ್ ಮಾತು ಕೊಟ್ರೆ ತಾಂಬೂಲಕ್ಕೆ ದಿನ ನೋಡಣ."

ನಾನು ಬಾಯಿ ಜೋರಿನವಳು. ಟಿಕೆಟ್ಟಿನ ಚಿಲ್ಲರೆ ಕೊಡದ ಕಂಡಕ್ಟರನನ್ನೂ ಬಿಟ್ಟವಳಲ್ಲ. ಅವತ್ತು ನಾಲಿಗೆಯೇ ಹೊರಳಲಿಲ್ಲ. ಮೇಲ್ ಓದಿದ್ದಕ್ಕಿಂತ, ಉತ್ತರ ಬರೆದದ್ದಕ್ಕಿಂತ, ನನ್ನಿಂದ ಒಂದು ಥ್ಯಾಂಕ್ಸ್ ಬರುತ್ತದೆಂದು ಅವನು ಕಾಯುತ್ತ ಕೂತಿದ್ದ ನೋಡಿ, ಅದಕ್ಕೆ ನನಗೆ ದಿಗಿಲಾಯಿತು.

ಮಾತಾಡಿದ್ದು ಅವ್ವ. ಕೇಸರಿಬಾತಿನ ತಟ್ಟೆಗಳನ್ನು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ಮನೆದೇವ್ರ ಕೇಳಿದ್ದು ಸಂಬಂಧ ಕೂಡ್ತದಾ ಅಂತ ತಿಳ್ಕಳಕ್ಕೆ ಅಂದ್ಕಂಡಿದ್ದೆ ಕಣಪ್ಪಾ. ನನ್ ಮಗ್ಳ ಬೀಗ ತೆಗ್ಯಕಾ?"

"ಅಯ್ಯೋ ಬುಡವ್ವಾ," ಎಂದ ಸೋದರಮಾವ, "ಅದೇನ್ ಒಡವೆ ಪೆಟ್ಗೆನಾ?"

ಅವ್ವ ತಟ್ಟೆಗಳ ಸಮೇತ ಒಳಗೆ ಹೋದಳು. ಮನೆಗೆ ಬಂದವರಿಗೆಂದು ತಂದ ಸಿಹಿಯನ್ನು ಅವ್ವ ವಾಪಸ್ ಒಯ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಅವರಿಗೂ ಅರ್ಥವಾಯಿತು. ಕೈತೊಳೆದು ಎದ್ದರು.

ಅವರ ಬೈಕಿನ ಸದ್ದು ದೂರವಾದ ಮೇಲೆ ಅಪ್ಪ ಕೇಳಿದ: "ಕಳ್ರ ಸಭೆನೇ ಏನವ್ವಾ ಅದು?"

"ಅಲ್ಲಪ್ಪಾ. ಕಳ್ಳರು ಎಲ್ಲಿಂದ ನುಗ್ತಾರೆ ಅಂತ ಹೇಳೋರ ಸಭೆ."

"ಮತ್ತೆ ಇವ್ನು ಯಾವ್ ಸಭೆಗೋಗಿ ಕಲ್ತ?"

ನಗು ಬಂತು, ಜೊತೆಗೆ ಅಳುವೂ ಬಂತು. ಹೋಗಲಾ ಎಂದು ಕೇಳಿದೆ. ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ನೀನೇ ಹೇಳವ್ವ. ಬ್ಯಾರೆಯವ್ರು ಹೇಳಿದ್ದಾಯ್ತಲ್ಲ."

ಮರುದಿನ ಕೇಂದ್ರಕ್ಕೆ ಹೋಗಿ ಮೇಲ್ ತೆರೆದೆ. ಅವನು ಬರೆದ ಉತ್ತರ ಅಲ್ಲೇ ಇತ್ತು, ಕೆಳಗೆ ನನ್ನ ಹೆಸರು. 'ನಮ್ಮ ಮನೆಯಲ್ಲಿ ಒಪ್ಪುವುದಿಲ್ಲ.' ನಾನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಸಾಲೇ ಅದು! ನನ್ನ ಮನಸ್ಸಿನಲ್ಲಿ ಇದ್ದಾಗ ವಿನಯ ಅನ್ನಿಸಿತ್ತು. ಅವನು ಬರೆದದ್ದನ್ನು ಓದಿದಾಗ ಮೈ ಉರಿದುಹೋಯಿತು. ನಮ್ಮ ಮನೆಯಲ್ಲಿ ಏನು ಒಪ್ಪುತ್ತಾರೆ ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮೊದಲು ಪಾಸ್‌ವರ್ಡ್ ಬದಲಿಸಿದೆ. ಆಮೇಲೆ ಸಮಾವೇಶಕ್ಕೆ ಕರೆದವರಿಗೆ ಬರೆದೆ: ಹಿಂದಿನ ಉತ್ತರ ನನ್ನದಲ್ಲ, ಬರುತ್ತೇನೆ, ಹೇಳಲು ಈಗ ಇನ್ನೊಂದು ವಿಷಯವೂ ಇದೆ.

ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಅವ್ವ ಜೊತೆಗೆ ಹೊರಟಳು, ರೇಷ್ಮೆ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು. ಸಭಾಂಗಣದ ತುಂಬ ಕಪ್ಪು ಟೀಶರ್ಟಿನ ಹುಡುಗರು. ಬಾಗಿಲಲ್ಲಿ ಕೂತಿದ್ದ ಹುಡುಗಿ, ಕೊರಳಿಗೆ ಹಾಕುವ ಚೀಟಿಯಲ್ಲಿ ಯಾವ ಹೆಸರು ಬರೆಯಲಿ, ನಿಜವಾದ ಹೆಸರೇ ಆಗಬೇಕಿಲ್ಲ ಎಂದಳು. ಅವ್ವ ಕಣ್ಣು ಬಿಟ್ಟಳು. ನಾನು ನನ್ನ ಹೆಸರನ್ನೇ ಬರೆಸಿದೆ. ಒಂದು ಸಲ ಬೇರೆಯವರು ಬಳಸಿದ್ದು ಸಾಕಾಗಿತ್ತು. ವೇದಿಕೆ ಹತ್ತಿ ಮಾತು ಶುರುಮಾಡಿದೆ. ಮನೆದೇವರ ವಿಷಯಕ್ಕೆ ಬಂದಾಗ ಎಲ್ಲರೂ ಗೊಳ್ಳೆಂದು ನಕ್ಕರು. ಆಮೇಲೆ ಹಿಂದಿನ ಸಾಲಿನಲ್ಲಿ ಕೆಲವರು ಮೆಲ್ಲಗೆ ಲ್ಯಾಪ್‌ಟಾಪ್ ತೆರೆದು ಏನೋ ಒತ್ತತೊಡಗಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಬುತ್ತಿಯ ಗಂಟು ಬಿಚ್ಚಿ ನನಗೊಂದು ಪಾಲು ಕೊಟ್ಟಳು. ಆಮೇಲೆ, "ಅಷ್ಟೊಂದ್ ಜನ ಇದ್ರು, ಒಬ್ರಾದ್ರೂ ಮನೆದೇವ್ರು ಯಾವ್ದು ಅಂತ ಕೇಳ್ನಿಲ್ವಲ್ಲವ್ವಾ!" ಎಂದಳು.

"ಕೇಳಿದ್ರೆ ಹೇಳ್ಬಿಡ್ತಿದ್ಯಾ?"

"ಊಂ, ಹೇಳ್ತಿದ್ದೆ. ದೇವ್ರ ಹೆಸ್ರು ಮುಚ್ಚಿಡಕಾಯ್ತದಾ? ನಿನ್ ಬೀಗುಕ್ಕೆ ಬ್ಯಾರೆ ಏನಾರ ಹುಡಿಕ್ಕೋ."