ತಿರುವಿ ಆಡಬಾರದ ಮಾತು

ಆಗ ನನಗೆ ಅರವತ್ತೊಂಬತ್ತು. ಈಗ್ಗೆ ನಾಲ್ಕು ವರ್ಷ ಆತು. ನಮ್ಮ ಯಜಮಾನರಿಗೆ ಲಕ್ವ ಹೊಡೆದು ಕೈ, ಬಾಯಿ ಎರಡೂ ಬಿದ್ದಿದ್ವು. ಜಗಳೂರಿನ ನಮ್ಮ ಮನೆಯ ಒಳಕೋಣೆಯಲ್ಲಿ ಮಂಚ ಹಿಡಿದಿದ್ದರು. ವರ್ಷದಿಂದ ಒಂದು ಮಾತಿಲ್ಲ.

ನ್ಯಾಮತಿಯಿಂದ ಮಗಳ ಮಗಳು ಓದಾಕೆ ಬಂದಿದ್ದಳು. ನರ್ಸ್ ಕಲಿತ ಹುಡುಗಿ. ಬೆಲ್ಜಿಯಂ ಅಂತ ಒಂದು ದೇಶ ಐತಂತೆ, ಅವಳು ಕೇಳಿದ ಕೆಲಸಕ್ಕೆ ಫ್ರೆಂಚ್, ಡಚ್ ಎರಡೂ ಬರಬೇಕಂತೆ. ಪದ ಬರ್ತಿದ್ವು, ಜೋಡಿಸಾಕೆ ಬರ್ತಿರಲಿಲ್ಲ. ಅದಕ್ಕೆ ಪಡಸಾಲೆಯಲ್ಲಿ ಕೂತು ಕನ್ನಡದ ಪದಗಳನ್ನೇ ಆ ಭಾಷೆಯ ಸಾಲಿನಂಗೆ ಇಟ್ಟು ಗಟ್ಟಿಯಾಗಿ ಹೇಳೋಳು.

"ನೋಡಜ್ಜಿ, ನಾವು 'ನೀನು ನೀರು ಕುಡೀತೀಯ' ಅಂತೀವಿ. ಫ್ರೆಂಚರು 'ನೀನು ಕುಡೀತೀಯ ನೀರು' ಅಂತಾರೆ. ಮಾಡೋ ಕೆಲಸ ಮೊದಲು, ವಸ್ತು ಆಮೇಲೆ."

ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ನಿಂತಿತು.

ನನ್ನ ಗಂಡನ ಮನೆಯಲ್ಲಿ ಒಂದು ಪದ್ಧತಿ. ಸತ್ತ ಹಿರಿಯರಿಗೆ ಎಡೆ ಇಡುವಾಗ ಎಲ್ಲಾ ತಿರುವು. ಎಲೆ ತಿರುವಿ ಹಾಕಬೇಕು, ಎಡಗೈಲಿ ಬಡಿಸಬೇಕು, ಮಾತೂ ತಿರುವಿ ಆಡಬೇಕು. "ತಗೀರಿ ಬಾಗಿಲು, ಉಣ್ಣಿರಿ ಅನ್ನ, ಕುಡೀರಿ ನೀರು." ಹಂಗಂದ್ರೇನೇ ಅವರಿಗೆ ಕೇಳಿಸುತ್ತಂತೆ. ಬೇರೆ ದಿನ ಯಾರಾದರೂ ಹಂಗಂದ್ರೆ ನಮ್ಮತ್ತೆ ಸೌಟಿನಲ್ಲೇ ಬಾಯಿಗೆ ಕೊಡೋಳು.

"ನಿಲ್ಸೇ," ಅಂದೆ.

"ಅಯ್ಯೋ ಅಜ್ಜಿ, ದೆವ್ವಕ್ಕೆ ಫ್ರೆಂಚ್ ಬರುತ್ತಾ?" ಅಂತ ನಕ್ಕಳು. "ನೀನು ಕುಡೀತೀಯ ನೀರು. ನೀನು ತಗೀತೀಯ ಬಾಗಿಲು."

ಒಳಗೆ ಲೋಟ ಬಿದ್ದ ಸದ್ದಾತು. ಹೋದೆ. ಯಜಮಾನರ ಕೈಗೆ ಎಟುಕದ ಸ್ಟೂಲಿನ ಮೇಲೆ ನೀರಿನ ಲೋಟ ಇಟ್ಟಿದ್ದೆ. ಅದು ನೆಲದ ಮೇಲಿತ್ತು. ನೆಲ ಒಣಗಿತ್ತು, ಅವರ ಗಡ್ಡ ಒದ್ದೆಯಾಗಿತ್ತು. ನಾನೇ ಚಿಲಕ ಹಾಕಿದ್ದ ಆ ಕೋಣೆಯ ಹಿತ್ತಲ ಬಾಗಿಲು ತೆರೆದಿತ್ತು. ಮಟಮಟ ಮಧ್ಯಾಹ್ನ. ಹಟ್ಟಿಯ ಕುರಿ ಒಂದೂ ಅರಚದೆ ನಮ್ಮ ಬಾಗಿಲ ಕಡೆಗೇ ಮುಖ ಮಾಡಿ ನಿಂತಿದ್ವು. ಅವರ ಕಣ್ಣೂ ಬಾಗಿಲ ಮೇಲೇ.

"ಬಂದೆ, ತಡೀರಿ," ಅಂದರು.

ನನಗೆ ಅಂದದ್ದಲ್ಲ. ನನಗೆ ಅವರು ಯಾವತ್ತೂ ರೀ ಹಚ್ಚಿದವರಲ್ಲ.

ಬಾಗಿಲು ಹಾಕಿ ಬೆನ್ನು ಕೊಟ್ಟು ನಿಂತೆ. ಹುಡುಗಿ ಬಂದು ನೋಡಿ ಬಿಳಿಚಿಕೊಂಡಳು.

"ಇನ್ನೊಂದು ಭಾಷೆ ಐತಲ್ಲ, ಅದೂ ಹಿಂಗೇನಾ?" ಅಂದೆ.

"ಡಚ್ಚು ಅರ್ಧ ಹಿಂಗೆ ಅಜ್ಜಿ. 'ನಾನು ಬೇಕು ರೊಟ್ಟಿ ಸುಡಾಕೆ' ಅಂತ ಒಂದು ತುಂಡು ಮುಂದೆ, ಒಂದು ತುಂಡು ಕೊನೆಗೆ. ಆದ್ರೆ 'ಯಾಕಂದ್ರೆ' ಅಂತ ಶುರು ಮಾಡಿದ್ರೆ ಕೆಲಸದ ಮಾತು ನಮ್ಮಂಗೇ ಕೊನೆಗೆ ಹೋಗುತ್ತೆ."

"ಅದನ್ನೇ ಹೇಳು. ಅಜ್ಜನ ಕಾಲ ಹತ್ರ ಕೂತು ಹೇಳು."

ಹೇಳಿದಳು, ಡಚ್ಚಿನಲ್ಲೂ ಕನ್ನಡದಲ್ಲೂ. ಯಾಕಂದ್ರೆ ಅಜ್ಜ ಮನೆಯಲ್ಲಿ ಇರ್ತಾನೆ. ಯಾಕಂದ್ರೆ ಅಜ್ಜ ರೊಟ್ಟಿ ತಿಂತಾನೆ. ಬಿಸಿಲು ಇಳಿಯೋವರೆಗೂ. ನನ್ನ ಬೆನ್ನ ಹಿಂದೆ ಬಾಗಿಲ ಹಲಗೆಯನ್ನ ಯಾರೋ ಅಂಗೈ ಇಟ್ಟು ಒತ್ತಿದಂಗೆ ಆಗ್ತಿತ್ತು. ಗಾಳಿ ಇರಲಿಲ್ಲ. ಆಮೇಲೆ ಒತ್ತೋದು ನಿಂತಿತು. ಅವರು ಕಣ್ಣು ಮುಚ್ಚಿ ಗೊರಕೆ ಹೊಡೆದರು. ಹೊರಗೆ ಕುರಿ ಅರಚಿದ್ವು.

"ಅಜ್ಜಿ, ಬರೋ ವಾರ ಪರೀಕ್ಷೆ. ಬರೀ ಯಾಕಂದ್ರೆ, ಯಾಕಂದ್ರೆ ಅಂದ್ರೆ ಪಾಸ್ ಮಾಡ್ತಾರಾ?"

"ಮಾಡಲ್ಲ," ಅಂದೆ. ಅವಳು ಫ್ರೆಂಚ್ ಬಿಟ್ಟರೆ ಅವಳಿಗೆ ಕೆಲಸ ಇಲ್ಲ. ಬಿಡದಿದ್ದರೆ ನನಗೆ ಗಂಡ ಇಲ್ಲ. ಎರಡೂ ಒಂದು ಸೂರಿನಡಿ ಆಗೋ ಮಾತಲ್ಲ.

ಮಾರನೇ ಬೆಳಿಗ್ಗೆ ಅವರ ಮೂಗಿನ ಹತ್ರ ಕೈ ಹಿಡಿದು ನೋಡಿದೆ. ಉಸಿರಿತ್ತು. ಹುಡುಗಿಯ ಬಟ್ಟೆ ಚೀಲಕ್ಕೆ ತುರುಕಿ, ಅಳ್ತಿದ್ದೋಳನ್ನ ದಾವಣಗೆರೆ ಬಸ್ಸು ಹತ್ತಿಸಿ, ಬಂದು ಗಂಜಿಗೆ ಎಸರಿಟ್ಟೆ.