ಚನ್ನಕ್ಕನವರು ಕೊಳ್ಳಲು ಹೋಗುವುದಿಲ್ಲ

ಜಾಲಹಳ್ಳಿಯ ನಮ್ಮ ಬೀದಿಯ ಹಿಂದೆ ಒಂದು ವಠಾರವಿದೆ. ಅದರ ಕೊನೆಯ ಕೋಣೆಯಲ್ಲಿ ಚನ್ನಕ್ಕನವರೂ ಅವರ ಯಜಮಾನರಾದ ಸಂಗಣ್ಣನವರೂ ಹನ್ನೊಂದು ವರ್ಷಗಳಿಂದ ಬಾಡಿಗೆಗಿದ್ದಾರೆ. ಬಾದಾಮಿ ಕಡೆಯ ಜನ. ಸಂಗಣ್ಣನವರಿಗೆ ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ಯಂತ್ರದ ಕೆಲಸ. ಚನ್ನಕ್ಕನವರು ಅಲ್ಲಿಯೇ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಚೆಕರ್. ಹೊಲಿದು ಬಂದ ಅಂಗಿಯನ್ನು ಒಳಮೈ ಹೊರಗೆ ಮಾಡಿ ನೋಡಿ, ಹೊಲಿಗೆ ತಪ್ಪಿದ ಜಾಗಕ್ಕೆ ಸರಿಯಾಗಿ ಒಂದು ಕೆಂಪು ಬಾಣದ ಚೀಟಿ ಅಂಟಿಸಿ ಹಿಂದಕ್ಕೆ ಕಳುಹಿಸುವುದು ಅವರ ಕೆಲಸ. ದಿನಕ್ಕೆ ಏಳೆಂಟು ನೂರು ಅಂಗಿಗಳು ಅವರ ಕಣ್ಣೆದುರು ಹಾದುಹೋಗುತ್ತವೆ.

ಭಾನುವಾರ ಅವರಿಗೆ ರಜೆ. ಬೆಳಗಿನ ಕೆಲಸ ಮುಗಿಸಿ, ರೊಟ್ಟಿ ಬಡಿದಿಟ್ಟು, ಒಗೆದ ಸೀರೆಯುಟ್ಟು, ಅವರು ಒಬ್ಬರೇ ದೇವರಾಜ್ ಎಂಬವರ ಹಳೆಯ ಸಾಮಾನಿನ ಅಂಗಡಿಗೆ ಹೋಗುತ್ತಾರೆ. ದೇವರಾಜ್ ಈ ಊರಿನವರೇ. ತಂದೆಯವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ದೊಡ್ಡ ತಗಡಿನ ಶೆಡ್ಡು ಹಾಕಿಸಿ, ಕೆಡವಿದ ಮನೆಗಳ ಬಾಗಿಲು, ಕಂಬ, ಪೆಟ್ಟಿಗೆ, ತೊಟ್ಟಿಲುಗಳನ್ನೆಲ್ಲ ತಂದು ತುಂಬಿದ್ದಾರೆ. ಅಪಾರ್ಟ್‌ಮೆಂಟಿನ ಜನ ಕಾರಿನಲ್ಲಿ ಬಂದು ಕೊಂಡೊಯ್ಯುತ್ತಾರೆ.

ಚನ್ನಕ್ಕನವರು ನೋಡುವ ರೀತಿಯೇ ಬೇರೆ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಮೊದಲು ವಸ್ತುವಿನ ಹಿಂಭಾಗಕ್ಕೆ ಹೋಗುತ್ತಾರೆ. ಮುಂಭಾಗ ಆಮೇಲೆ. ಒಮ್ಮೆ ಒಂದು ಈಳಿಗೆಮಣೆಯ ಮುಂದೆ ಅರ್ಧ ಗಂಟೆ ಕುಳಿತಿದ್ದು ಬಂದು, "ಅದನ್ನ ಬಳಸಿದಾಕಿ ಎಡಗೈಯಾಕಿ ಇದ್ದಳ್ರಿ. ಮಣಿ ಸವದದ್ದು ನೋಡಿದ್ರ ಗೊತ್ತಾಗ್ತೈತಿ," ಎಂದು ನನಗೆ ಹೇಳಿದ್ದರು. ಯಾವುದೋ ಕಾಲದ, ಯಾವುದೋ ಊರಿನ ಆ ಹೆಂಗಸನ್ನು ಅವರು ಅಂದು ಬಹಳ ಹೊತ್ತು ನೆನೆಸಿಕೊಂಡರು.

"ಏನ್ ತಂದೀ ಇವತ್ತ?" ಎಂದು ಸಂಗಣ್ಣನವರು ಪ್ರತಿ ಭಾನುವಾರ ರೇಗಿಸುವುದುಂಟು.

"ಎರಡು ಕಂಬ, ಒಂದು ಕನ್ನಡಿ. ಎಲ್ಲಿ ಇಡಾಕ ಜಾಗಾ ಐತಿ ಅಂತ ಅಲ್ಲೇ ಬಿಟ್ಟು ಬಂದೀನಿ," ಎನ್ನುತ್ತಿದ್ದರು ಚನ್ನಕ್ಕ.

ದೇವರಾಜರೂ ಕೊಂಕು ಬಿಡುತ್ತಿರಲಿಲ್ಲ. "ಏನಕ್ಕ, ಇವತ್ತಾದ್ರೂ ಏನಾದ್ರೂ ತಗೋತೀರೋ, ಬರೀ ದರ್ಶನಾನೋ?"

"ದರ್ಶನಕ್ಕ ಟಿಕೀಟ್ ಇಟ್ಟೀರೇನ್ರಿ?"

ಹೀಗೆ ನಗುನಗುತ್ತಲೇ ನಾಲ್ಕು ವರ್ಷ ನಡೆಯಿತು.

ಕಳೆದ ಶ್ರಾವಣದಲ್ಲಿ ಒಂದು ಎಡವಟ್ಟಾಯಿತು. ಅಂಗಡಿಗೆ ಹಿತ್ತಾಳೆ ಪಟ್ಟಿಯ ಒಂದು ದೊಡ್ಡ ಮರದ ಪೆಟ್ಟಿಗೆ ಬಂದಿತ್ತು. ನೂರು ವರ್ಷದ್ದೆಂದು ಅದರ ಮೇಲೆ ಬರೆದಿದ್ದರು. ಚನ್ನಕ್ಕನವರು ಎಂದಿನಂತೆ ಹಿಂಬದಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತರು. ಮೂರು ಮಗ್ಗುಲಿನ ಹಲಗೆಗಳಲ್ಲಿ ಕೈಗರಗಸದ ಗೆರೆಗಳು ಒಂದಷ್ಟು ಓರೆ, ಒಂದಷ್ಟು ನೇರ. ಹಿಂದಿನ ಹಲಗೆಯಲ್ಲಿ ಮಾತ್ರ ಎಲ್ಲವೂ ಒಂದೇ ಸಮನಾಗಿ ಬಿಲ್ಲಿನಂತೆ ಬಾಗಿದ್ದವು. ಅದು ಯಂತ್ರದ ಚಕ್ರಗರಗಸದಲ್ಲಿ ಕೊಯ್ದ ಹೊಸ ಮರ. ಹಳೆಯದಾಗಿ ಕಾಣಲೆಂದು ಮೇಲೆ ಬಣ್ಣ ಕೊಟ್ಟಿದ್ದರು.

ಆರು ದಿನ ಒಂದೇ ಕೆಲಸ ಮಾಡಿದ ಕೈ ಏಳನೆಯ ದಿನ ಸುಮ್ಮನಿದ್ದೀತೇ? ಚನ್ನಕ್ಕನವರ ಪರ್ಸಿನಲ್ಲಿ ಕಾರ್ಖಾನೆಯ ಬಾಣದ ಚೀಟಿಗಳ ಒಂದು ಪಟ್ಟಿ ಉಳಿದಿತ್ತು. ಮನಸ್ಸು ಮರವನ್ನು ನೋಡುತ್ತಿರುವಾಗಲೇ ಕೈ ಪರ್ಸಿಗೆ ಹೋಗಿ, ಒಂದು ಚೀಟಿ ಕಿತ್ತು, ಹಲಗೆ ಕೂಡಿದ ಜಾಗಕ್ಕೆ ಸರಿಯಾಗಿ ಅಂಟಿಸಿಬಿಟ್ಟಿತು. ಅವರಿಗೆ ಅದರ ಅರಿವೇ ಆಗಲಿಲ್ಲ. ಎದ್ದು ಮುಂದಿನ ಸಾಲಿಗೆ ಹೋದರು.

ಸ್ವಲ್ಪ ಹೊತ್ತಿಗೆ ಶಾಂಭವಿ ಎಂಬ ಹೆಣ್ಣುಮಗಳು ಆ ಪೆಟ್ಟಿಗೆಯನ್ನು ಕೊಳ್ಳಲು ಬಂದಳು. ಸುತ್ತಿ ನೋಡಿದವಳು, "ಸಾರ್, ಇಲ್ಲೇನೋ ಬಾಣ ಇದೆಯಲ್ಲ? ಏನಿದು?" ಎಂದಳು.

ದೇವರಾಜ್ ಬಂದು ನೋಡಿದರು. "ಯಾರು ಅಂಟಿಸಿದ್ದು ಇದನ್ನ?"

ಚನ್ನಕ್ಕನವರು ಪರ್ಸು ನೋಡಿಕೊಂಡರು. ಮುಖ ಕೆಂಪಾಯಿತು. "ನಾನರೀ. ತಪ್ಪಾತು. ಕೈ ರೂಢಿ."

"ಅಂದ್ರೆ ಏನರ್ಥ ಅದಕ್ಕೆ?" ಎಂದಳು ಶಾಂಭವಿ.

"ಇಲ್ಲಿ ದೋಷ ಐತಿ ಅಂತ ಅರ್ಥರೀ."

ಆ ಮಾತು ಬರುತ್ತಲೇ ದೇವರಾಜರ ತಾಳ್ಮೆ ಹೋಯಿತು. ಅಂಗಡಿಯಲ್ಲಿ ನಾಲ್ಕು ಜನರಿದ್ದರು. "ತಗೊಳ್ಳೋ ಯೋಗ್ಯತೆ ಇಲ್ಲ, ಬಂದು ತೂತು ಹುಡುಕ್ತೀರಾ? ನಾಲ್ಕು ವರ್ಷದಿಂದ ಒಂದು ಚಮಚ ತಗೊಂಡಿಲ್ಲ ನೀವು. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡಿ!"

ಚನ್ನಕ್ಕನವರು ಆ ಚೀಟಿಯನ್ನು ಉಗುರಿನಿಂದ ಬಿಡಿಸಿ, ಅಂಟು ಉಳಿಯದಂತೆ ಸೆರಗಿನಿಂದ ಒರೆಸಿ, ಮನೆಗೆ ಬಂದರು.

ಶನಿವಾರ ಸಂಜೆ ಸಂಗಣ್ಣನವರು ಸಮಾಧಾನ ಮಾಡಲು ನೋಡಿದರು. "ಬ್ಯಾರೆ ಅಂಗಡಿ ಇಲ್ಲೇನ? ಚಂದಾಪುರದಾಗ ಒಂದೈತಂತ. ಬಸ್ಸಿಗೆ ಹೋಗಿ ಬರೂಣು."

"ಇದ್ದಾವು. ಆದ್ರ ನನ್ನ ಹೊರಗ ಹಾಕಿದ್ದು ಈ ಅಂಗಡಿಯಿಂದ. ಹೋಗೂದೂ ಈ ಅಂಗಡಿಗೇ."

"ಬೈತಾನ."

"ಬಯ್ಯಲಿ. ಚೀಟಿ ಹಚ್ಚಿದ್ದು ತಪ್ಪು, ಒಪ್ಪಿದೆ. ನೋಡಿದ್ದು ತಪ್ಪಲ್ಲ. ಕೊಳ್ಳಾವ್ರಿಗಷ್ಟ ಕಣ್ಣು ಕೊಟ್ಟಾನೇನ ದೇವ್ರು?"

ಮರುದಿನ ಅಂಗಡಿಯ ಬಾಗಿಲಲ್ಲಿ ಹೊಸ ಬೋರ್ಡು ತೂಗಾಡುತ್ತಿತ್ತು: ಕೊಳ್ಳುವವರಿಗೆ ಮಾತ್ರ ಪ್ರವೇಶ. ಚನ್ನಕ್ಕನವರು ಅದನ್ನು ಪೂರ್ತಿ ಓದಿ ಒಳಗೆ ಹೆಜ್ಜೆ ಇಟ್ಟರು.

"ಏನಕ್ಕ, ಬೋರ್ಡ್ ಕಾಣಿಸ್ಲಿಲ್ವಾ?" ದೇವರಾಜ್ ಅಡ್ಡ ಬಂದರು.

"ಕಂಡಿತರೀ. ಅಕ್ಷರ ಛಂದ ಬರಸೀರಿ."

ಅಷ್ಟರಲ್ಲಿ ಒಳಗಿನಿಂದ ಶಾಂಭವಿಯ ದನಿ ಕೇಳಿತು. "ಆಂಟಿ, ನಿಮ್ಮನ್ನೇ ಕೇಳ್ತಿದ್ದೆ! ಇವರು ನೀವು ಬರಲ್ಲ ಅಂದ್ರು." ಅವಳು ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದಳು. ಆ ಬಾಣ ಅವಳ ತಲೆಯಿಂದ ಹೋಗಿರಲಿಲ್ಲ.

ದೇವರಾಜರ ದನಿ ತಗ್ಗಿತು. ಚನ್ನಕ್ಕನವರಿಗೆ ಮಾತ್ರ ಕೇಳುವಂತೆ ಹೇಳಿದರು: "ನೋಡಕ್ಕ, ಪೆಟ್ಟಿಗೆ ಚೆನ್ನಾಗಿದೆ ಅಂತ ಒಂದು ಮಾತು ಅಂದ್ಬಿಡಿ. ಆಮೇಲೆ ವಾರವಾರ ಬನ್ನಿ, ಕುರ್ಚಿ ಹಾಕಿಸ್ತೀನಿ, ಟೀ ಕೊಡಿಸ್ತೀನಿ. ಯಾರೂ ಕೇಳಲ್ಲ."

ನಾಲ್ಕು ವರ್ಷದ ಭಾನುವಾರಗಳು ಒಂದೇ ಮಾತಿಗೆ ಮರಳಿ ಸಿಗುತ್ತಿದ್ದವು. ಚನ್ನಕ್ಕನವರು ಪೆಟ್ಟಿಗೆಯ ಬಳಿ ಹೋಗಿ ಕುಳಿತು, ಶಾಂಭವಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

"ಇಲ್ನೋಡವ್ವ. ಈ ಮೂರು ಕಡೆ ಕೈಲೆ ಕೊಯ್ದದ್ದು. ಹಳೇದು, ಭಾಳ ಛಲೋದು. ಈ ಹಿಂದಿನ ಹಲಗಿ ಮಷೀನಿನ್ಯಾಗ ಕೊಯ್ದದ್ದು, ಹೊಸಾದು. ಇಷ್ಟ ನನಗ ಗೊತ್ತು. ತಗೊಳ್ಳೂದು ಬಿಡೂದು ನಿನ್ನ ವಿಚಾರ."

ಶಾಂಭವಿ ಹಲಗೆಯ ಮೇಲೆ ಬೆರಳಾಡಿಸಿದಳು. "ಯೋಚನೆ ಮಾಡ್ತೀನಿ ಸಾರ್," ಎಂದು ಹೊರಟುಹೋದಳು.

"ಹೋಯ್ತಲ್ಲ ಗಿರಾಕಿ! ಸಂತೋಷ ಆಯ್ತಾ ನಿಮ್ಗೆ?"

"ನಿಮಗೂ ತೋರಸ್ತೀನಿ, ಬರ್ರಿ. ಸಿಟ್ಟು ಆಮ್ಯಾಲೆ ಮಾಡೀರಂತ."

ದೇವರಾಜ್ ಗೊಣಗುತ್ತಲೇ ಬಗ್ಗಿದರು. ಮೊಬೈಲಿನ ಬೆಳಕು ಹಿಡಿದು ಮೊದಲು ಒಂದು ಮಗ್ಗುಲು, ಆಮೇಲೆ ಹಿಂಬದಿ ನೋಡಿದರು. ಬಾಗಿದ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಬಹಳ ಹೊತ್ತಿನ ಮೇಲೆ ಎದ್ದು ಮಂಡಿಯ ಧೂಳು ಕೊಡವಿಕೊಂಡರು.

"ನನ್ಗೇ ಟೋಪಿ ಹಾಕಿದ್ದಾನೆ ಬಡ್ಡಿಮಗ. ನಾನೂ ನೂರು ವರ್ಷದ್ದು ಅಂತಾನೇ ತಂದಿದ್ದು ಕಣಕ್ಕ." ಮೊಬೈಲನ್ನು ಜೇಬಿಗಿಟ್ಟು, "ಒಂದು ಕೆಲ್ಸ ಮಾಡಿ. ಭಾನುವಾರ ಬಂದು ಹೊಸದಾಗಿ ಬಂದಿದ್ದನ್ನೆಲ್ಲ ನೋಡ್ಕೊಡಿ. ಸಂಬಳ ಕೊಡ್ತೀನಿ. ಬೇಕಾದ್ರೆ ನಿಮ್ಮ ಬಾಣಾನೂ ಅಂಟಿಸಿ," ಎಂದರು.

ಈ ಭಾಗವನ್ನು ನನಗೆ ಹೇಳುವಾಗ ಚನ್ನಕ್ಕನವರು ನೆಟ್ಟಗೆ ಕುಳಿತರು. ಅಂದು ಕೊಟ್ಟ ಉತ್ತರವನ್ನು ಅದೇ ದನಿಯಲ್ಲಿ ಮತ್ತೆ ಹೇಳಿದರು:

"ಆರು ದಿನ ಮಂದಿಗೆ ನೋಡಿ ಕೊಡ್ತೀನ್ರಿ. ಏಳನೇ ದಿನ ನನಗ ನೋಡ್ಕೊಂತೀನಿ. ಅದನ್ನ ಯಾರಿಗೂ ಕೊಡಾಂಗಿಲ್ಲ."

"ಸಂಬಳನೂ ಬೇಡ, ಏನೂ ತಗೊಳ್ಳೋದೂ ಇಲ್ಲ. ಹಂಗಾದ್ರೆ ನಾನ್ ಯಾಕಕ್ಕ ನಿಮ್ಮನ್ನ ಒಳಗೆ ಬಿಡ್ಲಿ?"

"ಬಿಡಬ್ಯಾಡ್ರಿ. ನಾ ಒಳಗ ಬಂದಾಗೈತಲ್ಲ."

ಹಾಗೆಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಂಬಗಳ ಸಾಲಿನತ್ತ ನಡೆದರು. ದೇವರಾಜ್ ನಿಂತು ನೋಡಿ, ತಮ್ಮ ಗಲ್ಲಾದ ಕಡೆಗೆ ಮರಳಿದರು. ಬೇರೆ ಗಿರಾಕಿಗಳು ಬಂದರು, ಹೋದರು. ಚನ್ನಕ್ಕನವರು ಅಂದು ಎಂದಿಗಿಂತ ಎರಡು ಗಂಟೆ ಹೆಚ್ಚು ಹೊತ್ತು ಅಲ್ಲಿದ್ದರು.

ಕೊನೆಗೆ ಶೆಟರ್ ಎಳೆಯುವ ಕೋಲು ಹಿಡಿದು ದೇವರಾಜರೇ ಬಂದರು. "ಅಕ್ಕ, ಮುಚ್ಬೇಕು."

"ಮುಚ್ರಿ," ಎಂದರು ಚನ್ನಕ್ಕ, ಒಂದು ಕಂಬದ ಬುಡದಿಂದ ಏಳುತ್ತ. "ಈ ಮೂಲಿ ಇನ್ನೂ ಅರ್ಧಾ ಆಗೇತಿ. ಉಳದದ್ದು ಮುಂದಿನ ಐತವಾರ ನೋಡ್ತೀನಿ."